ನೋವು ದವಡೆಯಲ್ಲಿ, ತೊಂದರೆ ತಲೆಬುರುಡೆಯೊಳಗೆ: ಮುಖದ ಸಂವೇದನೆ ಮಿದುಳನ್ನು ತಲುಪುವ ಬಗೆ

ಪ್ರಶ್ನೆ: ನನ್ನ ತಾಯಿಗೆ 62 ವರ್ಷ. ಕೆಲವು ತಿಂಗಳಿಂದ ಬಲಗಡೆಯ ಕೆಳದವಡೆಯಲ್ಲಿ ಕರೆಂಟು ಹೊಡೆದ ಹಾಗೆ ನೋವು ಬರುತ್ತದೆ. ಕೆಲವೇ ಸೆಕೆಂಡು ಇದ್ದು ಹೋಗುತ್ತದೆ, ನಡುವೆ ಏನೂ ಇರುವುದಿಲ್ಲ. ಹಲ್ಲುಜ್ಜುವಾಗ, ಮುಖ ತೊಳೆಯುವಾಗ, ಒಮ್ಮೊಮ್ಮೆ ಬರೀ ಮಾತನಾಡಿದರೂ ಶುರುವಾಗುತ್ತದೆ. ಹಲ್ಲುನೋವೆಂದು ಎರಡು ದವಡೆಹಲ್ಲು ಕೀಳಿಸಿದೆವು. ಆಗ ಇಂಜೆಕ್ಷನ್ ಕೊಟ್ಟದ್ದು ಬಾಯಿಯ ತೀರಾ ಹಿಂಭಾಗದಲ್ಲಿ, ಮರಗಟ್ಟಿದ್ದು ಮಾತ್ರ ಕೆಳತುಟಿ. ಅದು ಮರಗಟ್ಟಿರುವಷ್ಟು ಹೊತ್ತು ಈ ನೋವು ಬರಲೇ ಇಲ್ಲ, ಮರುದಿನ ಮತ್ತೆ ಬಂತು. ಈಗ ಮೂರನೆಯ ಹಲ್ಲು ಕೀಳಿಸುವ ಮಾತು ನಡೆದಿದೆ. ಇದು ಮುಖದ ಲಕ್ವದ ಮುನ್ಸೂಚನೆ ಎಂದು ನೆಂಟರೊಬ್ಬರು ಹೆದರಿಸಿದ್ದಾರೆ. ಮುಖದ ಸ್ಪರ್ಶ, ನೋವು ಮಿದುಳಿಗೆ ಹೋಗುವ ದಾರಿ ಯಾವುದು, ತೊಂದರೆ ಇರುವುದು ಎಲ್ಲಿ ಎಂದು ವಿವರಿಸುವಿರಾ?

ಉತ್ತರ: ರೋಗಿಯನ್ನು ನೋಡದೆ ಕಾಯಿಲೆ ಇಂಥದ್ದೇ ಎಂದು ಬರೆಯುವುದು ಸರಿಯಲ್ಲ. ಆದರೂ ಒಂದೇ ಬದಿಯಲ್ಲಿ ಬರುವ, ಸೆಕೆಂಡುಗಳಲ್ಲಿ ಮುಗಿಯುವ, ನೀರು ತಾಗಿದರೂ ಕೆರಳುವ, ನಡುನಡುವೆ ಪೂರ್ತಿ ಬಿಡುವು ಕೊಡುವ ನೋವು ಎಂದು ನೀವು ಕೊಟ್ಟಿರುವ ವಿವರಗಳು ಟ್ರೈಜೆಮಿನಲ್ ನ್ಯೂರಾಲ್ಜಿಯಾ ಎಂಬ ಕಾಯಿಲೆಗೆ ಎಷ್ಟು ಹೊಂದುತ್ತವೆಂದರೆ, ನರರೋಗ ತಜ್ಞರು ಪರೀಕ್ಷಿಸುವವರೆಗೆ ಮೂರನೆಯ ಹಲ್ಲನ್ನು ಕೀಳಿಸಬೇಡಿ ಎಂದು ಹೇಳಲು ನನಗೆ ಅಳುಕಿಲ್ಲ. ನೋವು ಕಾಣಿಸಿಕೊಳ್ಳುವ ಜಾಗವೇ ಕೆಟ್ಟಿರುವ ಜಾಗ ಎಂಬ ನಂಬಿಕೆ ಮೈಯ ಬೇರೆ ಭಾಗಗಳಲ್ಲಿ ಬಹುಮಟ್ಟಿಗೆ ನಡೆಯುತ್ತದೆ. ಮುಖದಲ್ಲಿ ಅದು ಆಗಾಗ ಕೈಕೊಡುತ್ತದೆ. ಏಕೆ ಎಂಬುದು ತಿಳಿಯಬೇಕಾದರೆ ಸಂವೇದನೆ ಸಾಗುವ ದಾರಿಯನ್ನು ಚರ್ಮದಿಂದ ಮಿದುಳಿನವರೆಗೆ ನೋಡಬೇಕಾಗುತ್ತದೆ.

ಮೊದಲು ಲಕ್ವದ ಭಯವನ್ನು ಬದಿಗಿಡೋಣ. ಮಿದುಳಿನಿಂದ ನೇರವಾಗಿ ಹೊರಡುವ 12 ಜೊತೆ ಕಪಾಲ ನರಗಳಲ್ಲಿ ಮುಖಕ್ಕೆ ಮುಖ್ಯವಾಗಿ ಸಂಬಂಧಿಸಿದವು ಎರಡು. ಐದನೆಯದು ಟ್ರೈಜೆಮಿನಲ್ ನರ; ಮುಖದ ಸ್ಪರ್ಶ, ನೋವು, ಬಿಸಿ, ತಂಪುಗಳನ್ನು ಒಳಗೆ ಒಯ್ಯುವುದು ಅದರ ಕೆಲಸ, ಜೊತೆಗೆ ಅಗಿಯುವ ಸ್ನಾಯುಗಳನ್ನೂ ಅದೇ ಆಡಿಸುತ್ತದೆ. ಏಳನೆಯದು ಫೇಶಿಯಲ್ ನರ. ನಗುವುದು, ಹುಬ್ಬೇರಿಸುವುದು, ಕಣ್ಣು ಮುಚ್ಚುವುದು ಇವೆಲ್ಲ ಅದರ ಪಾಲು. ಬಾಯಿ ಒಂದು ಕಡೆಗೆ ಸೊಟ್ಟಗಾಗಿ, ಕಣ್ಣು ಮುಚ್ಚಲಾಗದೆ ಹೋಗುವ ಬೆಲ್ಸ್ ಪಾಲ್ಸಿಯಲ್ಲಿ ಕೆಡುವುದು ಈ ಏಳನೆಯ ನರ. ಅಂಥ ರೋಗಿ ಕೆನ್ನೆ ದಪ್ಪವಾದಂತಿದೆ, ಮರಗಟ್ಟಿದಂತಿದೆ ಎಂದು ಹೇಳಬಹುದಾದರೂ ಸೂಜಿಯ ಮೊನೆ ತಾಗಿಸಿದರೆ ಎರಡೂ ಕೆನ್ನೆಗಳಲ್ಲಿ ಒಂದೇ ಬಗೆಯಾಗಿ ಚುಚ್ಚುತ್ತದೆ. ನೀವು ಕೊಟ್ಟ ವಿವರಗಳಂತೆ ನಿಮ್ಮ ತಾಯಿಯವರದು ಐದನೆಯ ನರದ ತೊಂದರೆ. ಅದು ಏಳನೆಯ ನರದ ಲಕ್ವಕ್ಕೆ ದಾರಿ ಮಾಡುವುದಿಲ್ಲ. ನಿಮ್ಮ ನೆಂಟರನ್ನು ದೂರುವಂತೆಯೂ ಇಲ್ಲ, ಏಕೆಂದರೆ ಹತ್ತೊಂಬತ್ತನೆಯ ಶತಮಾನದ ಆರಂಭದವರೆಗೆ ವೈದ್ಯರೇ ಈ ಎರಡನ್ನು ಸ್ಪಷ್ಟವಾಗಿ ಬೇರ್ಪಡಿಸಿರಲಿಲ್ಲ. ಮುಖದ ನೋವಿಗೆಂದು ಏಳನೆಯ ನರವನ್ನು ಕತ್ತರಿಸಿದ ಶಸ್ತ್ರಚಿಕಿತ್ಸಕರಿದ್ದರು. ರೋಗಿಯ ಮುಖ ಸೊಟ್ಟಗಾಯಿತು, ನೋವು ಇದ್ದಲ್ಲೇ ಇತ್ತು. ಚಾರ್ಲ್ಸ್ ಬೆಲ್ 1821ರಲ್ಲಿ ಪ್ರಕಟಿಸಿದ ಪ್ರಯೋಗಗಳು ಮತ್ತು ಅವುಗಳ ತಪ್ಪುಗಳನ್ನು ತಿದ್ದಿದ ಹರ್ಬರ್ಟ್ ಮೇಯೊ, ಫ್ರಾನ್ಸ್‌ನ ಮಜಾಂದಿ ಅವರ ಕೆಲಸದ ನಂತರವೇ ಸಂವೇದನೆ ಐದನೆಯದರದು, ಚಲನೆ ಏಳನೆಯದರದು ಎಂಬುದು ಗಟ್ಟಿಯಾದದ್ದು.

ಟ್ರೈಜೆಮಿನಲ್ ನರ ಕಪಾಲ ನರಗಳಲ್ಲೆಲ್ಲ ದಪ್ಪನೆಯದು, ಬಲಕ್ಕೊಂದು ಎಡಕ್ಕೊಂದು ಇರುತ್ತದೆ, ಪ್ರತಿಯೊಂದಕ್ಕೂ ಮೂರು ಕವಲು. ಮೊದಲ ಕವಲು ಹಣೆ, ನೆತ್ತಿಯವರೆಗಿನ ತಲೆಚರ್ಮ, ಮೇಲಿನ ರೆಪ್ಪೆ, ಮೂಗಿನ ದಿಂಡು ಮತ್ತು ತುದಿ, ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯಾದ ಕಾರ್ನಿಯಾ ಇವುಗಳಿಂದ ಸುದ್ದಿ ತರುತ್ತದೆ. ಎರಡನೆಯದು ಕೆಳರೆಪ್ಪೆ, ಕೆನ್ನೆ, ಮೇಲ್ದುಟಿ, ಮೇಲಿನ ಹಲ್ಲುಗಳು, ಅಂಗುಳ ಮತ್ತು ಕೆನ್ನೆಯ ಮೂಳೆಯೊಳಗಿನ ಸೈನಸ್‌ನಿಂದ. ಮೂರನೆಯದು ಕೆಳತುಟಿ, ಗದ್ದ, ಕೆಳದವಡೆ, ಕೆಳಗಿನ ಹಲ್ಲುಗಳು, ನಾಲಿಗೆಯ ಮುಂದಿನ ಮೂರರಲ್ಲಿ ಎರಡು ಭಾಗ, ಕಿವಿಯ ಮುಂದಿನ ಜಾಗ ಮತ್ತು ಕಣತಲೆಯಿಂದ. ಈ ಮೂರು ಪ್ರದೇಶಗಳ ಗಡಿಗಳು ಸಾಕಷ್ಟು ಖಚಿತ. ನೋವು ಅಥವಾ ಜೋಮು ಒಂದು ಕವಲಿನ ಎಲ್ಲೆಯೊಳಗೇ ನಿಲ್ಲುತ್ತದೆಯೇ, ಮೂಗಿನ ನೇರದ ನಡುಗೆರೆಯನ್ನು ದಾಟುತ್ತದೆಯೇ ಎಂದು ನಾವು ಅಷ್ಟು ಒತ್ತಿ ಕೇಳುವುದು ಅದಕ್ಕಾಗಿಯೇ. ಒಂದು ವಿಚಿತ್ರವೆಂದರೆ, ಕಿವಿಯ ಕೆಳಗೆ ದವಡೆ ಬಾಗುವ ಮೂಲೆಯ ಚರ್ಮ ಮುಖದ್ದೇ ಆಗಿ ಕಂಡರೂ ಅದು ಟ್ರೈಜೆಮಿನಲ್ ನರಕ್ಕೆ ಸೇರಿದ್ದಲ್ಲ. ಅಲ್ಲಿಗೆ ಬರುವುದು ಕುತ್ತಿಗೆಯಿಂದ ಮೇಲೇರುವ ನರ. ಐದನೆಯ ನರ ನಿಜವಾಗಿ ಕೆಟ್ಟಿದ್ದರೆ ಮುಖವೆಲ್ಲ ಮರಗಟ್ಟಿದರೂ ಆ ಮೂಲೆಯಲ್ಲಿ ಸ್ಪರ್ಶ ಉಳಿದಿರಬೇಕು. ಹತ್ತಿಯ ಎಳೆಯನ್ನು ಗದ್ದದಿಂದ ಕಿವಿಯತ್ತ ಮೆಲ್ಲನೆ ಎಳೆಯುತ್ತ ಹೋದರೆ ಈ ಗಡಿ ಬೆರಳಗಲದ ಅಂತರದಲ್ಲಿ ಸಿಕ್ಕಿಬಿಡುತ್ತದೆ.

ನಿಮ್ಮ ಇಂಜೆಕ್ಷನ್ ಪ್ರಶ್ನೆಗೆ ಉತ್ತರವಿರುವುದು ಮೂರನೆಯ ಕವಲಿನ ಒಂದು ಶಾಖೆಯಲ್ಲಿ. ಆ ಶಾಖೆ ಬಾಯಿಯ ಹಿಂಭಾಗದಲ್ಲಿ, ದವಡೆಮೂಳೆಯ ಒಳಮೈಯಲ್ಲಿರುವ ರಂಧ್ರವೊಂದರ ಮೂಲಕ ಮೂಳೆಯೊಳಕ್ಕೆ ನುಗ್ಗುತ್ತದೆ, ಹಲ್ಲಿನ ಬೇರುಗಳ ಅಡಿಯಲ್ಲೇ ಒಂದು ಕಾಲುವೆಯಲ್ಲಿ ಮುಂದೆ ಸಾಗುತ್ತ ಪ್ರತಿ ಹಲ್ಲಿಗೂ ಎಳೆಗಳನ್ನು ಕೊಡುತ್ತದೆ, ಮುಂದವಡೆ ಹಲ್ಲುಗಳ ಕೆಳಗಿನ ಮತ್ತೊಂದು ರಂಧ್ರದಿಂದ ಹೊರಬಂದು ಗದ್ದ ಮತ್ತು ಕೆಳತುಟಿಯಲ್ಲಿ ಹರಡುತ್ತದೆ. ದಂತವೈದ್ಯರು ಮರಗಟ್ಟಿಸುವ ಲಿಗ್ನೊಕೇನ್ ಮದ್ದನ್ನು ಬಿಡುವುದು ಹಿಂದಿನ ರಂಧ್ರದ ಬಳಿ, ನರ ಮೂಳೆಯೊಳಗೆ ಹೋಗುವ ಮುನ್ನ. ಅಲ್ಲಿ ತಡೆದರೆ ಆಚೆಯಿಂದ ಬರುವ ಸುದ್ದಿಯೆಲ್ಲ ನಿಲ್ಲುತ್ತದೆ. ತುಟಿ ಮರಗಟ್ಟಿತೇ ಎಂದು ಅವರು ಕೇಳುವುದು ಮದ್ದು ಸರಿಯಾದ ಜಾಗಕ್ಕೆ ಬಿತ್ತೇ ಎಂದು ತಿಳಿಯಲು. ನಾಲಿಗೆಯ ನರವೂ ಅಲ್ಲೇ ಪಕ್ಕದಲ್ಲಿ ಇಳಿಯುವುದರಿಂದ ಅರ್ಧ ನಾಲಿಗೆಯೂ ಜೋಮು ಹಿಡಿಯುತ್ತದೆ. ಇನ್ನು ಆ ಹೊತ್ತಿನಲ್ಲಿ ನೋವು ಬಾರದಿದ್ದುದು ಹಲ್ಲೇ ಕಾರಣ ಎಂಬುದಕ್ಕೆ ಸಾಕ್ಷಿಯಾಗುವುದಿಲ್ಲ. ಈ ಕಾಯಿಲೆಯಲ್ಲಿ ನೋವನ್ನು ಕೆರಳಿಸುವುದು ತುಟಿ ಅಥವಾ ಒಸಡಿನ ಮೇಲಿನ ಹಗುರ ಸ್ಪರ್ಶ. ಆ ಸ್ಪರ್ಶದ ಸುದ್ದಿ ಒಳಗೆ ಹೋಗದಿದ್ದರೆ ಕೆರಳುವುದೂ ಇಲ್ಲ. ತಾತ್ಕಾಲಿಕವಾದ ಈ ಶಾಂತಿಯನ್ನೇ ನಂಬಿ ಒಂದಾದ ಮೇಲೊಂದು ಒಳ್ಳೆಯ ಹಲ್ಲನ್ನು ಕಳೆದುಕೊಂಡವರನ್ನು ನರರೋಗ ತಜ್ಞರೆಲ್ಲರೂ ನೋಡಿರುತ್ತಾರೆ.

ಚರ್ಮ, ಲೋಳೆಪೊರೆ ಮತ್ತು ಹಲ್ಲಿನ ತಿರುಳಿನಲ್ಲಿ ಕೊನೆಗೊಳ್ಳುವ ನರತಂತುಗಳೆಲ್ಲ ಒಂದೇ ಜಾತಿಯವಲ್ಲ. ಸ್ಪರ್ಶವನ್ನು ಒಯ್ಯುವವು ದಪ್ಪ ತಂತುಗಳು. ಮೈಲಿನ್ ಎಂಬ ಕೊಬ್ಬಿನ ಕವಚ ಹೊದ್ದಿರುವ ಅವು ಸೆಕೆಂಡಿಗೆ 30ರಿಂದ 70 ಮೀಟರ್ ವೇಗದಲ್ಲಿ ಸಂಕೇತ ಕಳುಹಿಸುತ್ತವೆ. ಚಳಕಿನಂಥ ಚೂಪು ನೋವು ಮತ್ತು ತಂಪನ್ನು ತರುವವು ತೆಳು ಕವಚದ ತಂತುಗಳು. ಉರಿ, ಬಿಸಿ, ಮಂದವಾದ ನೋವನ್ನು ತರುವವು ಕವಚವೇ ಇಲ್ಲದ ಸಿ ತಂತುಗಳು, ಇವುಗಳ ವೇಗ ಸೆಕೆಂಡಿಗೆ ಸುಮಾರು ಒಂದು ಮೀಟರ್. ಕಾಲ್ಬೆರಳು ಎಡವಿದಾಗ ಮೊದಲ ಚುರುಕು ನೋವಿನ ಹಿಂದೆ ಎರಡನೆಯ ಉರಿನೋವು ಬೇರೆಯಾಗಿ ಬರುವುದು ಗೊತ್ತಾಗುತ್ತದೆ. ಮುಖದಿಂದ ಮಿದುಳಿಗೆ ದೂರ ತೀರಾ ಕಡಿಮೆಯಾದ್ದರಿಂದ ಇಲ್ಲಿ ಎರಡೂ ಒಂದರೊಳಗೊಂದು ಬೆರೆತೇ ಬರುತ್ತವೆ. ಹಲ್ಲಿನ ವಿಷಯದಲ್ಲಿ ಈ ವಿಂಗಡಣೆ ಬಹಳ ಮುಖ್ಯ. ಅನ್ನದಲ್ಲಿ ಸಣ್ಣ ಕಲ್ಲು ಸಿಕ್ಕಿದರೆ ಯಾವ ಹಲ್ಲಿಗೆ ಸಿಕ್ಕಿತೆಂದು ನಾಲಿಗೆ ನೇರವಾಗಿ ಅಲ್ಲಿಗೇ ಹೋಗುತ್ತದೆ, ನಮಗೆ ಅರಿವಾಗುವ ಮುಂಚೆಯೇ ದವಡೆ ನಿಂತಿರುತ್ತದೆ. ಹಲ್ಲನ್ನು ಮೂಳೆಗೆ ಬಂಧಿಸುವ ಪೊರೆಯಲ್ಲಿನ ಸ್ಪರ್ಶಗ್ರಾಹಕಗಳು ಅಷ್ಟು ನಿಖರ. ಅದೇ ಹಲ್ಲಿನ ತಿರುಳಿನಲ್ಲಿ ನೋವೆದ್ದರೆ ಎಷ್ಟನೆಯ ಹಲ್ಲು ಎಂದು ಹೇಳಲು ತಡಕಾಡಬೇಕಾಗುತ್ತದೆ. ಕೆಲವರು ಕೆಳಗಿನ ಹಲ್ಲು ಹುಳುಕಾಗಿದ್ದರೆ ಮೇಲಿನದನ್ನು ತೋರಿಸುವುದೂ ಉಂಟು.

ಖಾರವನ್ನು ನಾವು ರುಚಿಯೊಡನೆ ಸೇರಿಸಿ ಮಾತನಾಡುತ್ತೇವೆ, ಆದರೆ ಅದೂ ಈ ನರದ ವ್ಯವಹಾರವೇ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಅಂಟಿಕೊಳ್ಳುವುದು ನೋವಿನ ತಂತುಗಳ ಮೇಲಿನ ಟಿಆರ್‌ಪಿವಿ1 ಎಂಬ ಗ್ರಾಹಕಕ್ಕೆ. 43 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬಿಸಿಗೆ ತೆರೆದುಕೊಳ್ಳುವ ಗ್ರಾಹಕವೂ ಅದೇ ಆದ್ದರಿಂದ ಖಾರ ನಮಗೆ ಸುಡುತ್ತದೆ. ಡೇವಿಡ್ ಜೂಲಿಯಸ್ ತಂಡ ಇದನ್ನು 1997ರಲ್ಲಿ ಗುರುತಿಸಿತು, 2021ರ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೆ ಪಾಲು ಸಿಕ್ಕಿತು. ಒಗ್ಗರಣೆಯ ಘಾಟಿಗೆ ಮನೆಮಂದಿಯೆಲ್ಲ ಸೀನುವುದು, ಈರುಳ್ಳಿ ಹೆಚ್ಚುವಾಗ ಕಣ್ಣೀರು ಸುರಿಯುವುದು, ನೆಗಡಿಗೆ ಹಚ್ಚಿದ ಮುಲಾಮಿನ ಮೆಂಥಾಲ್ ತಣ್ಣಗೆನಿಸುವುದು, ಇವೆಲ್ಲವುಗಳಲ್ಲೂ ಮೂಗು, ಕಣ್ಣು, ಚರ್ಮದಲ್ಲಿ ಹರಡಿರುವ ಟ್ರೈಜೆಮಿನಲ್ ತಂತುಗಳದೇ ಕೈವಾಡ. ವಾಸನೆ ಪೂರ್ತಿ ಕಳೆದುಕೊಂಡವರಿಗೂ ಮೆಣಸಿನ ಘಾಟು ಮೂಗಿಗೆ ಹೊಡೆಯುತ್ತದೆ.

ಮೂರು ಕವಲುಗಳೂ ತಲೆಬುರುಡೆಯ ತಳದ ಮೂರು ಬೇರೆಬೇರೆ ಕಿಂಡಿಗಳಿಂದ ಒಳಹೊಕ್ಕು, ಕಿವಿಯ ಮೂಳೆಯ ತುದಿಯಲ್ಲಿರುವ ಒಂದು ಸಣ್ಣ ತಗ್ಗಿನಲ್ಲಿ ಕೂಡುತ್ತವೆ. ಅಲ್ಲಿರುವ ಅರ್ಧಚಂದ್ರಾಕಾರದ ನರಗಂಟಿನಲ್ಲಿ ಈ ತಂತುಗಳ ಜೀವಕೋಶಗಳು ನೆಲೆಸಿವೆ. ಬಾಲ್ಯದಲ್ಲಿ ಸಿತಾಳೆ ಸಿಡುಬು ಬಂದು ಹೋದ ಮೇಲೆ ಅದರ ವೈರಸ್ ದಶಕಗಳ ಕಾಲ ಅಡಗಿ ಕೂರುವ ಜಾಗಗಳಲ್ಲಿ ಈ ಗಂಟೂ ಒಂದು. ರೋಗನಿರೋಧಕ ಶಕ್ತಿ ಕುಗ್ಗಿದಾಗ ಅದು ಒಂದೇ ಕವಲಿನುದ್ದಕ್ಕೂ ಇಳಿದು ಬಂದು ಸರ್ಪಸುತ್ತಾಗಿ ಏಳುತ್ತದೆ. ಹಣೆಯ ಸರ್ಪಸುತ್ತಿನಲ್ಲಿ ಮೂಗಿನ ತುದಿಯಲ್ಲೂ ಬೊಬ್ಬೆ ಕಂಡರೆ ಅದೇ ದಿನ ಕಣ್ಣಿನ ವೈದ್ಯರ ಬಳಿ ಹೋಗಬೇಕು, ಏಕೆಂದರೆ ಮೂಗಿನ ತುದಿಗೂ ಕಾರ್ನಿಯಾಕ್ಕೂ ಎಳೆ ಕೊಡುವುದು ಒಂದೇ ಶಾಖೆ. ಇದನ್ನು ನಾಗದೋಷವೆಂದು ಕೆಂಪುಮಣ್ಣು ಬಳಿದು ಮನೆಯಲ್ಲೇ ಕೂತರೆ ಕಣ್ಣಿಗೆ ಅಪಾಯ. ವೈರಸ್ ಮದ್ದು ಮೊದಲ ಮೂರು ದಿನಗಳೊಳಗೆ ಶುರುವಾದರೆ ಅದರ ಪ್ರಯೋಜನ ಹೆಚ್ಚು.

ಗಂಟಿನಿಂದ ಹೊರಟ ದಪ್ಪನೆಯ ಬೇರು ಮಿದುಳುಕಾಂಡದ ನಡುಭಾಗವಾದ ಪಾನ್ಸ್‌ನ ಪಕ್ಕಕ್ಕೆ ಬಂದು ಸೇರುತ್ತದೆ. ಅಲ್ಲಿಂದ ಮುಂದೆ ದಾರಿ ಒಡೆಯುತ್ತದೆ. ಸ್ಪರ್ಶದ ತಂತುಗಳು ಒಳಹೊಕ್ಕ ಮಟ್ಟದಲ್ಲೇ ಇರುವ ನರಕೇಂದ್ರವೊಂದರಲ್ಲಿ ತಮ್ಮ ಸುದ್ದಿಯನ್ನು ಒಪ್ಪಿಸುತ್ತವೆ. ನೋವು ಮತ್ತು ಉಷ್ಣದ ತಂತುಗಳು ಮಾತ್ರ ಹಾಗೆ ಮಾಡದೆ, ಮೇಲಕ್ಕೆ ಹೋಗಬೇಕಾದ ಸುದ್ದಿಯನ್ನು ಹೊತ್ತುಕೊಂಡು ಮಿದುಳುಕಾಂಡದ ಕೆಳಭಾಗವಾದ ಮೆಡುಲ್ಲಾದುದ್ದಕ್ಕೂ ಕೆಳಗಿಳಿದು, ಕುತ್ತಿಗೆಯ ಮಟ್ಟದಲ್ಲಿ ಬೆನ್ನುಹುರಿಯ ಮೇಲ್ತುದಿಯವರೆಗೂ ಬಂದು ಅಲ್ಲಿನ ಕೋಶಗಳಿಗೆ ದಾಟಿಸುತ್ತವೆ. ಸ್ವೀಡನ್ನಿನ ಶಸ್ತ್ರಚಿಕಿತ್ಸಕ ಓಲೋಫ್ ಶೋಕ್ವಿಸ್ಟ್ 1938ರಲ್ಲಿ ಹೀಗೆ ಕೆಳಗಿಳಿಯುವ ಕಟ್ಟನ್ನು ಮಾತ್ರ ಕತ್ತರಿಸುವ ವಿಧಾನವನ್ನು ಪ್ರಕಟಿಸಿದರು. ಮುಖದ ನೋವು ಹೋಯಿತು, ಸ್ಪರ್ಶ ಬಹುಪಾಲು ಉಳಿಯಿತು. ಎರಡಕ್ಕೂ ಬೇರೆ ದಾರಿಯಿದೆ ಎಂಬುದನ್ನು ಇದಕ್ಕಿಂತ ನೇರವಾಗಿ ತೋರಿಸುವುದು ಕಷ್ಟ. ವಿಚಿತ್ರ ಸಂಗತಿ ಇನ್ನೊಂದಿದೆ: ಈ ಉದ್ದನೆಯ ಕೇಂದ್ರದಲ್ಲಿ ಬಾಯಿ ಮೂಗಿನ ಸುತ್ತಲಿನ ನೋವು ಮೇಲ್ಭಾಗಕ್ಕೂ, ಕಿವಿಯ ಕಡೆಯ ಹೊರಮುಖದ ನೋವು ಕೆಳಭಾಗಕ್ಕೂ ಬಂದು ಸೇರುತ್ತದೆ. ಹಾಗಾಗಿ ತೊಂದರೆ ಮಿದುಳುಕಾಂಡದೊಳಗಿದ್ದರೆ ಮರಗಟ್ಟುವಿಕೆ ಮೂರು ಕವಲುಗಳ ಗಡಿಯನ್ನು ಪಾಲಿಸದೆ ಬಾಯಿಯನ್ನು ಸುತ್ತುವರಿದ ವರ್ತುಲಗಳಾಗಿ ಹರಡಬಹುದು.

ಮುಖದ ನೋವು ದಾರಿ ತಪ್ಪಿಸುವುದು ಹೆಚ್ಚಾಗಿ ಈ ಕೆಳತುದಿಯಲ್ಲಿ. ಕುತ್ತಿಗೆಯ ಮೇಲಿನ ಎರಡು ಮೂರು ನರಗಳೂ ಇಲ್ಲಿಗೇ ಬಂದು ಅದೇ ಕೋಶಗಳಿಗೆ ಸುದ್ದಿ ಒಪ್ಪಿಸುವುದರಿಂದ, ಕುತ್ತಿಗೆಯ ಕೀಲಿನ ತೊಂದರೆ ಹುಬ್ಬಿನ ಮೇಲಿನ ನೋವಾಗಿ ಅನುಭವಕ್ಕೆ ಬರಬಹುದು. ಎದೆಯ ಒಳಅಂಗಗಳ ನೋವೂ ಮಿದುಳಿಗೆ ದವಡೆಯದೆಂಬಂತೆ ತೋರುವುದುಂಟು. ಆದ್ದರಿಂದ ಮೆಟ್ಟಿಲು ಹತ್ತುವಾಗ ಬಂದು ಕೂತಾಗ ಹೋಗುವ ದವಡೆನೋವನ್ನು ಹಲ್ಲಿನದೆಂದು ತಿಳಿಯದೆ ಮೊದಲು ಹೃದಯವನ್ನು ಪರೀಕ್ಷಿಸಬೇಕು.

ಎರಡೂ ಕೇಂದ್ರಗಳಿಂದ ಹೊರಟ ಮುಂದಿನ ತಂತುಗಳಲ್ಲಿ ಬಹುಪಾಲು ನಡುಗೆರೆ ದಾಟಿ ಎದುರು ಬದಿಯಲ್ಲಿ, ಮಿದುಳಿನ ಒಳಗಿರುವ ಥಲಾಮಸ್ ಎಂಬ ಸಂವೇದನಾ ಕೇಂದ್ರಕ್ಕೆ ಏರುತ್ತವೆ. ಅಲ್ಲಿಂದ ಮಿದುಳಿನ ತೊಗಟೆಯ ಸಂವೇದನಾ ಪಟ್ಟಿಗೆ ಹೋಗುತ್ತವೆ. ಬಲಗೆನ್ನೆಯ ಅರಿವು ಮೂಡುವುದು ಎಡ ಮಿದುಳಿನಲ್ಲಿ. ಈ ಪಟ್ಟಿಯಲ್ಲಿ ತುಟಿ, ನಾಲಿಗೆಗಳಿಗೆ ಇಡೀ ಬೆನ್ನಿಗಿಂತಲೂ ಹೆಚ್ಚು ಜಾಗ ಮೀಸಲಿದೆ ಎಂಬುದನ್ನು ಕೆನಡಾದ ವೈಲ್ಡರ್ ಪೆನ್‌ಫೀಲ್ಡ್ ಎಚ್ಚರವಿದ್ದ ರೋಗಿಗಳ ಶಸ್ತ್ರಚಿಕಿತ್ಸೆಯ ವೇಳೆ ಗುರುತಿಸಿ 1937ರಲ್ಲಿ ಪ್ರಕಟಿಸಿದರು. ಮೆಡುಲ್ಲಾದ ಒಂದು ಪಕ್ಕಕ್ಕೆ ರಕ್ತದ ಹರಿವು ನಿಂತಾಗ ಮುಖದ ಒಂದು ಬದಿ, ಮೈಯ ಎದುರು ಬದಿ ಎಂದು ನೋವಿನರಿವು ಅಡ್ಡಡ್ಡವಾಗಿ ಹೋಗುವುದಕ್ಕೂ ಈ ದಾಟುವಿಕೆಯೇ ಕಾರಣ: ಮೈಯ ನೋವಿನ ತಂತುಗಳು ಆ ಮಟ್ಟಕ್ಕೆ ಬರುವ ಮೊದಲೇ ದಾಟಿರುತ್ತವೆ, ಮುಖದವು ಇನ್ನೂ ದಾಟಿರುವುದಿಲ್ಲ.

ಈಗ ನಿಮ್ಮ ತಾಯಿಯವರ ವಿಷಯಕ್ಕೆ ಬರುತ್ತೇನೆ. ಟ್ರೈಜೆಮಿನಲ್ ನ್ಯೂರಾಲ್ಜಿಯಾದ ಹೆಚ್ಚಿನ ರೋಗಿಗಳಲ್ಲಿ ತೊಂದರೆ ಇರುವುದು ಬೇರು ಪಾನ್ಸನ್ನು ಹೊಗುವ ಆ ಕೆಲವು ಮಿಲಿಮೀಟರುಗಳಲ್ಲಿ. ವಯಸ್ಸಾದಂತೆ ರಕ್ತನಾಳಗಳು ಉದ್ದವಾಗಿ ಬಳುಕುತ್ತವೆ. ಸಾಮಾನ್ಯವಾಗಿ ಕಿರುಮಿದುಳಿಗೆ ರಕ್ತ ಒಯ್ಯುವ ಮೇಲಣ ಸೆರೆಬೆಲ್ಲರ್ ಧಮನಿಯ ಒಂದು ತಿರುವು ಬೇರಿನ ಮೇಲೆ ಕೂತು ಪ್ರತಿ ಮಿಡಿತಕ್ಕೂ ಒತ್ತುತ್ತದೆ. ಅಮೆರಿಕದ ನರಶಸ್ತ್ರಚಿಕಿತ್ಸಕ ವಾಲ್ಟರ್ ಡ್ಯಾಂಡಿ 1930ರ ದಶಕದಲ್ಲೇ ಇದನ್ನು ಶಸ್ತ್ರಚಿಕಿತ್ಸೆಗಳಲ್ಲಿ ಕಂಡು ಬರೆದಿದ್ದರು. ಒತ್ತಿದಲ್ಲಿ ಮೈಲಿನ್ ಸವೆಯುತ್ತದೆ, ಪ್ಲಾಸ್ಟಿಕ್ ಕಿತ್ತ ವೈರುಗಳು ಒಂದಕ್ಕೊಂದು ತಾಗಿದಂತೆ ಸ್ಪರ್ಶದ ತಂತುವಿನ ಸಂಕೇತ ಪಕ್ಕದ ನೋವಿನ ತಂತುವಿಗೆ ಹಾರುತ್ತದೆ. ಮುಖಕ್ಕೆ ಎರಚಿದ ನೀರು ಸಿಡಿಲಿನಂಥ ನೋವಾಗುವುದು ಹೀಗೆ. ಮಿದುಳಿಗೆ ಆ ನೋವು ಬಂದ ತಂತು ಕೆಳದವಡೆಯದು ಎಂಬುದಷ್ಟೇ ಗೊತ್ತು. ಸಂಕೇತ ನಡುದಾರಿಯಲ್ಲಿ ಹುಟ್ಟಿತೆಂದು ತಿಳಿಯುವ ಉಪಾಯ ಅದಕ್ಕಿಲ್ಲ. ಇದು ಐವತ್ತು ದಾಟಿದವರಲ್ಲಿ, ಹೆಂಗಸರಲ್ಲಿ, ಬಲಬದಿಯಲ್ಲಿ, ಎರಡನೆಯ ಮತ್ತು ಮೂರನೆಯ ಕವಲುಗಳಲ್ಲಿ ಹೆಚ್ಚು.

ತಜ್ಞರು ಮೊದಲು ನೋಡುವುದು ನಿಮ್ಮ ತಾಯಿ ನೋವಿನ ಜಾಗವನ್ನು ತೋರಿಸುವ ರೀತಿಯನ್ನು. ಹಲ್ಲುನೋವಿನವರು ಕೆನ್ನೆಯನ್ನು ಅಂಗೈಯಿಂದ ಒತ್ತಿ ಹಿಡಿಯುತ್ತಾರೆ; ಈ ಕಾಯಿಲೆಯವರ ಬೆರಳು ಅನೇಕ ವೇಳೆ ಚರ್ಮಕ್ಕೆ ಅರ್ಧ ಅಂಗುಲ ದೂರದಲ್ಲೇ ನಿಂತುಬಿಡುತ್ತದೆ. ಆಮೇಲೆ ಕಣ್ಣಿನ ಪರೀಕ್ಷೆ. ಬೇರೆಡೆ ನೋಡಲು ಹೇಳಿ, ಪಕ್ಕದಿಂದ ತಂದ ಹತ್ತಿಯ ಎಳೆಯನ್ನು ಕಾರ್ನಿಯಾಕ್ಕೆ ಸೋಕಿಸಿದರೆ ಎರಡೂ ಕಣ್ಣುಗಳು ಒಟ್ಟಿಗೆ ರೆಪ್ಪೆ ಬಡಿಯಬೇಕು: ಸುದ್ದಿ ಒಯ್ದದ್ದು ಐದನೆಯ ನರ, ಬಡಿದದ್ದು ಏಳನೆಯದು. ಯಾವ ಕಣ್ಣಿಗೆ ಸೋಕಿಸಿದಾಗ ಯಾವುದು ಬಡಿಯಲಿಲ್ಲ ಎಂಬುದರಿಂದ ಎರಡರಲ್ಲಿ ಯಾವ ನರ ಸೋತಿದೆ ಎಂದು ಗೊತ್ತಾಗುತ್ತದೆ. ಈ ಕಾಯಿಲೆಯಲ್ಲಿ ಸ್ಪರ್ಶಪರೀಕ್ಷೆಗಳೆಲ್ಲ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತವೆ. ಮುಖದಲ್ಲಿ ನಿಜವಾದ ಜಡತೆ ಇದ್ದರೆ, ನೋವು ಎರಡೂ ಬದಿಗಿದ್ದರೆ, ರೋಗಿ ಚಿಕ್ಕ ವಯಸ್ಸಿನವರಾಗಿದ್ದರೆ ಗೆಡ್ಡೆ ಅಥವಾ ಮೈಲಿನ್ ಕವಚವನ್ನು ಕೆಡಿಸುವ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ಕಾಯಿಲೆ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಎಂ.ಆರ್.ಐ. ಮಾಡಿಸುವಾಗ ಐದನೆಯ ನರದ ಬೇರನ್ನು ತೆಳು ಪದರಗಳಲ್ಲಿ ತೋರಿಸುವ ಚಿತ್ರಗಳೂ ಇರಲಿ ಎಂದು ಕೇಳಿ, ಸಾಧಾರಣ ಸ್ಕ್ಯಾನ್‌ನಲ್ಲಿ ರಕ್ತನಾಳದ ಒತ್ತಡ ಕಾಣದೆ ಹೋಗಬಹುದು. ಹಲ್ಲು ಕಿತ್ತ ಬಳಿಕ ತುಟಿಯ ಜೋಮು ಇನ್ನೂ ಉಳಿದಿದ್ದರೆ ಅದನ್ನೂ ಹೇಳಿ. ಹಲ್ಲನ್ನೇ ಮುಟ್ಟದೆ ಗದ್ದ ತಾನಾಗಿ ಮರಗಟ್ಟಿದರೆ ಅದು ಬೇರೆಯೇ ವಿಷಯ, ತಡಮಾಡದೆ ತೋರಿಸಬೇಕು. ಕೆನ್ನೆಯಲ್ಲಿ ಸ್ಪರ್ಶವಿಲ್ಲದ ಬಿಳಿಚು ಮಚ್ಚೆ ಇದ್ದರೆ ಕುಷ್ಠದ ಪರೀಕ್ಷೆಯಾಗಬೇಕು, ಅದರ ಪೂರ್ತಿ ಚಿಕಿತ್ಸೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ.

ಮೊದಲ ಮದ್ದು ಸಾಮಾನ್ಯವಾಗಿ ಕಾರ್ಬಮಾಜೆಪಿನ್ ಅಥವಾ ಆಕ್ಸ್‌ಕಾರ್ಬಮಾಜೆಪಿನ್. ಸಾಧಾರಣ ನೋವಿನ ಮಾತ್ರೆಗಳು ಇಲ್ಲಿ ಕೆಲಸ ಮಾಡುವುದಿಲ್ಲ, ಇವು ಮಾಡುತ್ತವೆ, ಏಕೆಂದರೆ ಸವೆದ ತಂತು ಪದೇಪದೇ ಸಿಡಿಯಲು ಬೇಕಾದ ಸೋಡಿಯಂ ಬಾಗಿಲುಗಳನ್ನು ಇವು ತಡೆಯುತ್ತವೆ. ಸಣ್ಣ ಪ್ರಮಾಣದಿಂದ ಶುರುಮಾಡಿ ಏರಿಸಬೇಕು. ತಲೆ ಸುತ್ತುವುದು, ತೂಕಡಿಕೆ ಇರುತ್ತವೆ. ವಯಸ್ಸಾದವರಲ್ಲಿ, ಅದರಲ್ಲೂ ಬಿ.ಪಿ.ಗೆಂದು ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರಲ್ಲಿ, ರಕ್ತದ ಸೋಡಿಯಂ ಇಳಿಯಬಹುದು, ಅದನ್ನು ಪರೀಕ್ಷಿಸುತ್ತಿರಬೇಕು. ಮೊದಲ ವಾರಗಳಲ್ಲಿ ಮೈಮೇಲೆ ಗುಳ್ಳೆ, ಬಾಯಿಹುಣ್ಣು, ಜ್ವರ ಕಂಡರೆ ಮುಂದಿನ ಮಾತ್ರೆ ನುಂಗದೆ ಅಂದೇ ವೈದ್ಯರ ಬಳಿ ಹೋಗಿ. ಉಳಿದಂತೆ ನೋವು ನಿಂತಿತೆಂದು ತಾವಾಗಿ ಥಟ್ಟನೆ ಬಿಡಬಾರದು.

ಮದ್ದು ಸಾಲದಾದಾಗ ಅಥವಾ ತಾಳಲಾಗದಾಗ, ಬೆಂಗಳೂರಿನ ನಿಮ್ಹಾನ್ಸ್‌ನಂಥ ನರವಿಜ್ಞಾನ ಕೇಂದ್ರಗಳಲ್ಲಿ ಕೇಳಬಹುದಾದ ದಾರಿ ಎರಡು. ಒಂದು, ಪೀಟರ್ ಜನೆಟ್ಟಾ 1960ರ ದಶಕದಿಂದ ರೂಢಿಗೆ ತಂದ ಶಸ್ತ್ರಚಿಕಿತ್ಸೆ: ಕಿವಿಯ ಹಿಂದೆ ಸಣ್ಣ ಕಿಂಡಿ ಕೊರೆದು, ರಕ್ತನಾಳವನ್ನು ಬೇರಿನಿಂದ ಬಿಡಿಸಿ ನಡುವೆ ಟೆಫ್ಲಾನ್ ತುಣುಕು ಇಡುವುದು. ನರಕ್ಕೆ ಹಾನಿ ಮಾಡದೆ ಕಾರಣವನ್ನೇ ತೆಗೆಯುವುದರಿಂದ, ಅರಿವಳಿಕೆ ತಾಳಬಲ್ಲ ಆರೋಗ್ಯವಿರುವ ನಿಮ್ಮ ತಾಯಿಯ ವಯಸ್ಸಿನವರಿಗೆ ನಾನು ಮೊದಲು ಸೂಚಿಸುವುದು ಇದನ್ನೇ. ಎರಡನೆಯದು, ಕೆನ್ನೆಯ ಮೂಲಕ ಸೂಜಿ ತೂರಿಸಿ ನರಗಂಟನ್ನು ಶಾಖದಿಂದಲೋ ಬಲೂನಿನ ಒತ್ತಡದಿಂದಲೋ ಭಾಗಶಃ ಮಂಕಾಗಿಸುವುದು, ಅಥವಾ ಬೇರಿನ ಮೇಲೆ ವಿಕಿರಣವನ್ನು ಕೇಂದ್ರೀಕರಿಸುವ ಗಾಮಾ ನೈಫ್. ಇವು ದೊಡ್ಡ ಶಸ್ತ್ರಚಿಕಿತ್ಸೆ ಆಗದವರಿಗೆ ಅನುಕೂಲ. ಇವುಗಳಿಂದ ನೋವಿನೊಡನೆ ಮುಖದ ಸ್ಪರ್ಶವೂ ಸ್ವಲ್ಪ ಹೋಗಬಹುದು. ಮೊದಲ ಕವಲಿಗೂ ಪೆಟ್ಟಾಗಿ ಕಾರ್ನಿಯಾ ಮರಗಟ್ಟಿದರೆ ಕಣ್ಣಿಗೆ ಧೂಳು ಬಿದ್ದದ್ದೂ ಗೊತ್ತಾಗುವುದಿಲ್ಲ, ಹುಣ್ಣಾದರೂ ನೋಯುವುದಿಲ್ಲ. ಹಾಗೇನಾದರೂ ಆದರೆ ದಿನವೂ ಕನ್ನಡಿಯಲ್ಲಿ ಕಣ್ಣು ಕೆಂಪಾಗಿದೆಯೇ ಎಂದು ನೋಡಿಕೊಳ್ಳಬೇಕು, ಕೆಂಪಾಗಿದ್ದರೆ ನೋವಿಲ್ಲವೆಂದು ಕಾಯದೆ ಕಣ್ಣಿನ ವೈದ್ಯರಲ್ಲಿ ಹೋಗಬೇಕು.